ವರ್ಣಪಾಠದ ಶುದ್ಧಿ: ಗಣಕದ ತೆರೆಯಿಂದ ಅಚ್ಚಿನ ಹಾಳೆಗೆ

1

ಪ್ರಾಚೀನ ಗ್ರಂಥವೊಂದನ್ನು ಸಂಪಾದಿಸಲು ಹೊರಟ ವಿದ್ವಾಂಸನು ದೊರೆತ ಪ್ರತಿಗಳನ್ನೆಲ್ಲ ಕೂಡಿಸಿ, ಗರಿಗಳನ್ನೆಣಿಸಿ, ಒಂದು ಅಕ್ಷರದ ವ್ಯತ್ಯಾಸವನ್ನೂ ಬಿಡದೆ ಅಡಿಟಿಪ್ಪಣಿಯಲ್ಲಿ ಕಾಣಿಸುತ್ತಾನೆ. ತನಗೆ ತೋರಿದ ತಿದ್ದುಪಡಿಯನ್ನು ಕಂಸದೊಳಗಿಡುತ್ತಾನೆ. ಲಿಪಿಕಾರನ ಪ್ರಮಾದ ಯಾವುದು, ಮೂಲದ ಪಾಠ ಯಾವುದು ಎಂಬ ವಿವೇಕವೇ ಸಂಪಾದನೆಯ ಪ್ರಾಣವೆಂಬುದು ಈ ಪತ್ರಿಕೆಯ ವಾಚಕರಿಗೆ ವಿದಿತವೇ ಇದೆ. ಆದರೆ ಅದೇ ಗ್ರಂಥದಲ್ಲಿ ಸೇರುವ ವರ್ಣಚಿತ್ರಗಳ ವಿಷಯಕ್ಕೆ ಬಂದೊಡನೆ ಈ ಎಚ್ಚರವೆಲ್ಲ ಮರೆಯಾಗುತ್ತದೆ. ಚಿತ್ರವು ಯಾವ ಬೆಳಕಿನಲ್ಲಿ ತೆಗೆದುದು, ಗಣಕದ ತೆರೆಯಲ್ಲಿದ್ದ ಬಣ್ಣ ಅಚ್ಚಿನ ಶಾಯಿಗೆ ಹೇಗೆ ಪರಿವರ್ತಿತವಾಯಿತು, ನಡುವೆ ಯಾರು ಏನನ್ನು ತಿದ್ದಿದರು ಎಂಬ ಒಂದು ವಾಕ್ಯವೂ ಅದರ ಕೆಳಗೆ ಇರುವುದಿಲ್ಲ.

ಅಚ್ಚಾದ ವರ್ಣಚಿತ್ರವೂ ಒಂದು ಪಾಠವೇ. ಅದಕ್ಕೂ ಪ್ರತಿಯಿಂದ ಪ್ರತಿಗೆ ಸಾಗಿದ ಪರಂಪರೆಯುಂಟು, ಆ ಪರಂಪರೆಯಲ್ಲಿ ಪ್ರಮಾದಗಳುಂಟು. ಅದನ್ನು ಶೋಧಿಸುವ ಹೊಣೆ ಮುದ್ರಣಾಲಯದ್ದಲ್ಲ, ಸಂಪಾದಕನದು. ಇದನ್ನು ವಿದ್ವಾಂಸರ ಅವಗಾಹನೆಗೆ ತರುವುದೇ ಪ್ರಕೃತ ಲೇಖನದ ಉದ್ದೇಶ.

2

ಬಣ್ಣವು ಕೇವಲ ಅಲಂಕಾರ, ಅದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಬಾಧಕವೇನು ಎಂದು ಕೆಲವರು ಕೇಳಬಹುದು. ಅನ್ಯ ವಿಷಯದ ಗ್ರಂಥಗಳಲ್ಲಿ ಈ ಮಾತಿಗೆ ಅವಕಾಶವಿದ್ದರೂ ಇರಬಹುದು. ಜೈನ ಸಚಿತ್ರ ಪ್ರತಿಗಳಲ್ಲಿ ಇಲ್ಲ. ದಿಗಂಬರ ಸಂಪ್ರದಾಯದಲ್ಲಿ ಚಂದ್ರಪ್ರಭ ಪುಷ್ಪದಂತರು ಧವಳವರ್ಣದವರು. ಪದ್ಮಪ್ರಭ ವಾಸುಪೂಜ್ಯರು ರಕ್ತವರ್ಣದವರು. ಮುನಿಸುವ್ರತ ನೇಮಿನಾಥರು ಇಂದ್ರನೀಲದಂತೆ ನೀಲವರ್ಣದವರು. ಸುಪಾರ್ಶ್ವ ಪಾರ್ಶ್ವರು ಪ್ರಿಯಂಗುವಿನಂತೆ ಹರಿದ್ವರ್ಣದವರು. ಉಳಿದ 16 ತೀರ್ಥಂಕರರು ಸುವರ್ಣವರ್ಣದವರು. ಲಾಂಛನ ಅಳಿಸಿಹೋಗಿ, ಹೆಡೆಗಳಿದ್ದ ಭಾಗ ಮುರಿದುಹೋದ ಗರಿಯಲ್ಲಿ ಜಿನಬಿಂಬವನ್ನು ಗುರುತಿಸಲು ಉಳಿಯುವ ಸಾಧನಗಳಲ್ಲಿ ಮೈಬಣ್ಣವೇ ಮುಖ್ಯವಾದುದು. ನೀಲಕ್ಕೂ ಹಸುರಿಗೂ ಇರುವ ಅಂತರವನ್ನು ಅಚ್ಚು ಅಳಿಸಿದರೆ ಒಬ್ಬ ತೀರ್ಥಂಕರರ ಹೆಸರೇ ಅಳಿಸಿದಂತೆ.

ಎರಡನೆಯ ನಿದರ್ಶನ ಲೇಶ್ಯೆಗಳದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರದ ಜೀವಕಾಂಡವು ಆರು ಲೇಶ್ಯೆಗಳ ಬಣ್ಣವನ್ನು ತುಂಬಿ, ನೀಲ, ಪಾರಿವಾಳ, ಚಿನ್ನ, ತಾವರೆ, ಶಂಖ ಇವುಗಳಿಗೆ ಹೋಲಿಸುತ್ತದೆ. ಮೊದಲ ಮೂರು ಅಶುಭ, ಕೊನೆಯ ಮೂರು ಶುಭ. ಹಣ್ಣಿನ ಮರವನ್ನು ಬೇರುಸಹಿತ ಕಡಿಯಹೊರಟವನಿಂದ ಹಿಡಿದು, ತಾನಾಗಿ ಉದುರಿದ ಹಣ್ಣಿನಿಂದಲೇ ತೃಪ್ತನಾಗುವವನವರೆಗೆ ಆರು ಜನರ ದೃಷ್ಟಾಂತ ಎಲ್ಲರಿಗೂ ಪರಿಚಿತ. ಶ್ರವಣಬೆಳಗೊಳದ ಮಠದ ಭಿತ್ತಿಚಿತ್ರಗಳಲ್ಲಿಯೂ ಈ ಮರ ಇದೆ. ಈ ವಿಷಯದ ಚಿತ್ರವೊಂದನ್ನು ಅಚ್ಚಿಗೆ ಕೊಟ್ಟಾಗ ಕಪೋತದ ಬೂದುಬಣ್ಣ ಕೆಂಪಿಗೆ ಹೊರಳಿತೆನ್ನಿ. ಅಶುಭ ಲೇಶ್ಯೆಯ ಪುರುಷನು ಶುಭದ ಪಂಕ್ತಿಯಲ್ಲಿ ಕುಳಿತಂತಾಗುತ್ತದೆ. ಇದು ಕಲ್ಪಿತ ಭಯವಲ್ಲವೆಂಬುದನ್ನು ಮುಂದೆ ವಿವರಿಸುತ್ತೇವೆ.

ಮೂಡುಬಿದಿರೆಯ ಧವಳಾ ಪ್ರತಿಗಳ ಸಚಿತ್ರ ಗರಿಗಳ ವಿಷಯದಲ್ಲಂತೂ ಈ ಹೊಣೆ ಇನ್ನಷ್ಟು ಗುರುತರವಾದುದು. 12ನೆಯ ಶತಮಾನದ ಆದಿಭಾಗಕ್ಕೆ ಸೇರಿದ ಈ ಗರಿಗಳು ದಕ್ಷಿಣದಲ್ಲಿ ಉಳಿದುಬಂದಿರುವ ಸಚಿತ್ರ ಓಲೆಗಳಲ್ಲಿ ಅತ್ಯಂತ ಪ್ರಾಚೀನವಾದವುಗಳ ಸಾಲಿನವು. ಸಿ. ಶಿವರಾಮಮೂರ್ತಿಯವರು ದಕ್ಷಿಣ ಭಾರತದ ಚಿತ್ರಕಲೆಯನ್ನು ಕುರಿತ ತಮ್ಮ 1968ರ ಗ್ರಂಥದಲ್ಲಿ ಇವುಗಳನ್ನು ವಿವರಿಸಿದ್ದಾರೆ. ಮೂಲವನ್ನು ಕಣ್ಣಾರೆ ಕಾಣುವ ಭಾಗ್ಯ ಎಲ್ಲ ಅಭ್ಯಾಸಿಗಳಿಗೂ ಇಲ್ಲ. ಪದೇ ಪದೇ ತೆರೆದು ತೋರಿಸುವುದು ಗರಿಗಳಿಗೂ ಹಿತವಲ್ಲ. ಆದುದರಿಂದ ಅಚ್ಚಿನ ಚಿತ್ರವೇ ಹೆಚ್ಚಿನವರ ಪಾಲಿಗೆ ಮೂಲವಾಗಿ ನಿಲ್ಲುತ್ತದೆ.

3

ಈ ವಿಚಾರಕ್ಕೆ ನಮ್ಮನ್ನು ತಂದ ಪ್ರಸಂಗವನ್ನು ಸಂಕ್ಷೇಪವಾಗಿ ನಿವೇದಿಸುತ್ತೇವೆ. ಅದರಲ್ಲಿ ತಪ್ಪು ನಮ್ಮದೇ ಆದುದರಿಂದ ಮುಚ್ಚಿಡುವ ಕಾರಣವಿಲ್ಲ. ಕಾಗದದ ಕಡತವೊಂದರ ತೀರ್ಥಂಕರ ಚಿತ್ರಗಳನ್ನು ಪುಸ್ತಿಕೆಯಾಗಿ ತರಲು ಸಿದ್ಧಪಡಿಸುತ್ತಿದ್ದೆವು. ಒಂದು ಹಾಳೆಯ ಮೇಲಂಚೂ ಕೆಳಗಿನ ಪೀಠದ ಭಾಗವೂ ಜೀರ್ಣವಾಗಿ ಉದುರಿಹೋಗಿದ್ದುದರಿಂದ ಹೆಡೆಯಾಗಲಿ ಲಾಂಛನವಾಗಲಿ ಕಾಣುತ್ತಿರಲಿಲ್ಲ. ಅಚ್ಚಿನ ಕರಡಿನಲ್ಲಿ ಆ ಜಿನರ ಮೈ ಸ್ಪಷ್ಟವಾಗಿ ನೀಲವಾಗಿತ್ತು. ಕರಡನ್ನು ನೋಡಿದ ಸಹಾಯಕರು ಕೆಳಗೆ ‘ಮುನಿಸುವ್ರತ ಅಥವಾ ನೇಮಿನಾಥ’ ಎಂದು ಬರೆದರು, ನಾವೂ ಒಪ್ಪಿದೆವು. ಅನಂತರ ಬೇರೊಂದು ಕಾರಣಕ್ಕೆ ಕಡತವನ್ನು ಬಿಚ್ಚಿ, ಕಿಟಕಿಯ ಬೆಳಕಿನಲ್ಲಿ ಕರಡನ್ನು ಪಕ್ಕದಲ್ಲಿಟ್ಟು ನೋಡಿದಾಗ ಹಾಳೆಯ ಮೇಲಿನ ಬಣ್ಣ ನಿಸ್ಸಂದೇಹವಾಗಿ ಹಸುರು! ಸುಪಾರ್ಶ್ವರನ್ನೋ ಪಾರ್ಶ್ವರನ್ನೋ ನಾವು ಮುನಿಸುವ್ರತರನ್ನಾಗಿ ಮಾಡಿದ್ದೆವು.

ಕರಡನ್ನು ತೆಗೆದುಕೊಂಡು ಹೊಸೂರು ಹೆದ್ದಾರಿಯ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿರುವ ಮುದ್ರಣಾಲಯಕ್ಕೆ ಹೋದೆವು. ಮನಸ್ಸಿನಲ್ಲಿ ಆಕ್ಷೇಪಣೆಯೇ ಇದ್ದಿತು. ಯಂತ್ರದ ಮುಂದಿದ್ದ ಹಿರಿಯ ಕೆಲಸಗಾರರು ಕರಡನ್ನು ತಮ್ಮ ಪ್ರಮಾಣಬದ್ಧ ಬೆಳಕಿನ ಗೂಡಿನೊಳಗಿಟ್ಟು ನೋಡಿ, ನಾವು ಕಳುಹಿಸಿದ್ದ ಕಡತವನ್ನು ಗಣಕದಲ್ಲಿ ತೆರೆದು ತೋರಿಸಿದರು. “ಸಾರ್, ಫೈಲಲ್ಲಿ ಏನಿತ್ತೋ ಅದೇ ಬಂದಿದೆ. ಯಾವ ಲೈಟಲ್ಲಿ ತೆಗೆದ್ರಿ, ಯಾವ ಪೇಪರ್‌ಗೆ ಅಂತ ಯಾರೂ ಬರೆದಿಲ್ಲ. ಆ ಹಾಳೇನ ನಾವು ನೋಡಿಲ್ಲ, ನೋಡಿರೋರು ನೀವು,” ಎಂದರು. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಪಾಠಶೋಧನೆಯ ಮೊದಲ ಸೂತ್ರವನ್ನೇ ಅವರು ನಮಗೆ ಹೇಳಿದ್ದರು: ಮಾತೃಕೆಯನ್ನು ಕಂಡವನೇ ಪಾಠಕ್ಕೆ ಹೊಣೆಗಾರ.

4

ಪ್ರಮಾದ ಎಲ್ಲಿ ಹುಟ್ಟಿತೆಂಬುದನ್ನು ತಿಳಿಯಬೇಕಾದರೆ ಬಣ್ಣದ ಎರಡು ವಿಧಾನಗಳ ಭೇದವನ್ನು ಅರಿಯಬೇಕು. ಗಣಕದ ತೆರೆಯು ಬೆಳಕನ್ನು ಬೀರುವ ವಸ್ತು. ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳನ್ನು ಕೂಡಿಸುತ್ತ ಹೋದರೆ ಅಂತ್ಯದಲ್ಲಿ ಬಿಳುಪು ಬರುತ್ತದೆ. ಒಂದೊಂದಕ್ಕೂ 256 ಮಟ್ಟಗಳಂತೆ 1,67,77,216 ಬಣ್ಣಗಳನ್ನು ಅಂಕೆಗಳಲ್ಲಿ ಹೇಳಬಹುದು. ಅಚ್ಚಿನ ಹಾಳೆಯು ತಾನಾಗಿ ಬೆಳಗುವುದಿಲ್ಲ. ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಅದರ ಮೇಲೆ ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ನಸುನೇರಿಳೆ ಕೆಂಪು, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳನ್ನು ಸಣ್ಣ ಚುಕ್ಕಿಗಳಾಗಿ ಒತ್ತುತ್ತಾರೆ. ಶಾಯಿ ಕೂಡಿದಷ್ಟೂ ಬೆಳಕು ಕಳೆಯುತ್ತದೆ. ಒಂದು ಸಂಕಲನ, ಇನ್ನೊಂದು ವ್ಯವಕಲನ. ಪುದ್ಗಲದ ವರ್ಣಗುಣವನ್ನು ಕೃಷ್ಣ, ನೀಲ, ರಕ್ತ, ಪೀತ, ಶುಕ್ಲ ಎಂದು ಐದಾಗಿ ಎಣಿಸುವ ನಮ್ಮ ಪಂಡಿತರಿಗೆ ಅಚ್ಚಿನ ಲೆಕ್ಕ ಅಪರಿಚಿತವೆನಿಸದು: ನಾಲ್ಕು ಶಾಯಿಗಳು, ಐದನೆಯದಾಗಿ ಕಾಗದದ ಬಿಳುಪು. ಇದು ಸಾದೃಶ್ಯ ಮಾತ್ರ. ಶಾಸ್ತ್ರದ ವರ್ಣಗಳಿಗೂ ಮುದ್ರಣದ ಶಾಯಿಗಳಿಗೂ ಸಂಬಂಧವನ್ನು ಕಲ್ಪಿಸುವುದು ನಮ್ಮ ಅಭಿಪ್ರಾಯವಲ್ಲ.

ತೆರೆಯ ಬಣ್ಣಗಳ ಕ್ಷೇತ್ರವೂ ಶಾಯಿಯ ಬಣ್ಣಗಳ ಕ್ಷೇತ್ರವೂ ಒಂದೇ ಅಲ್ಲ. ತೆರೆಯಲ್ಲಿ ಮಿಂಚುವ ಕಡುನೀಲಿ, ಎಳೆಹಸುರು, ಕಿತ್ತಳೆಗಳ ಉಜ್ವಲ ಛಾಯೆಗಳನ್ನು ಈ ನಾಲ್ಕು ಶಾಯಿಗಳು ಮುಟ್ಟಲಾರವು. ತೆರೆಯ ಒಂದೊಂದು ಬಣ್ಣಕ್ಕೂ ಶಾಯಿಯ ಯಾವ ಪ್ರಮಾಣ ಸಮವೆಂಬುದನ್ನು ನಿಷ್ಕರ್ಷಿಸಬೇಕಾದರೆ ಎರಡಕ್ಕೂ ಹೊರತಾದ ಒಂದು ಮಾನದಂಡ ಬೇಕು. ಅಂತರರಾಷ್ಟ್ರೀಯ ಪ್ರಕಾಶ ಆಯೋಗವು 1931ರಲ್ಲಿ ಕಣ್ಣಿನ ಗ್ರಹಣಶಕ್ತಿಯನ್ನು ಆಧರಿಸಿ ಇಂತಹ ಮಾನವನ್ನು ರೂಪಿಸಿತು. 1976ರ ಲ್ಯಾಬ್ ಪದ್ಧತಿ ಅದರ ಸುಧಾರಿತ ರೂಪ. ಒಂದು ಯಂತ್ರದ ಅಂಕೆಗಳು ಈ ಮಾನದಲ್ಲಿ ಯಾವ ಬಣ್ಣಕ್ಕೆ ಸಲ್ಲುತ್ತವೆ ಎಂದು ಹೇಳುವ ಕೋಷ್ಟಕಕ್ಕೆ ಪ್ರೊಫೈಲ್ ಎನ್ನುತ್ತಾರೆ. 1993ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ವರ್ಣ ಒಕ್ಕೂಟ ಇದರ ಸ್ವರೂಪವನ್ನು ನಿಗದಿಪಡಿಸಿತು. ಪ್ರೊಫೈಲ್ ಇಲ್ಲದ ಚಿತ್ರವೆಂದರೆ ಲಿಪಿಯ ಹೆಸರಿಲ್ಲದ ಓಲೆಯಂತೆ. ಅದೇ ಅಂಕೆಗಳನ್ನು ಎಸ್‌ಆರ್‌ಜಿಬಿ ಎಂದು ಓದಿದರೆ ಒಂದು ಬಣ್ಣ, ಅಡೋಬಿ ಆರ್‌ಜಿಬಿ ಎಂದು ಓದಿದರೆ ಮತ್ತೊಂದು ಬಣ್ಣ. ನಾವು ಕಳುಹಿಸಿದ್ದ ಚಿತ್ರಕ್ಕೆ ಪ್ರೊಫೈಲ್ ಇರಲಿಲ್ಲ.

ನಮ್ಮ ಹಸುರು ನೀಲಿಯಾದುದಕ್ಕೆ ಇನ್ನೂ ಹಿಂದಿನ ಕಾರಣವೊಂದಿತ್ತು. ಕ್ಯಾಮೆರಾದ ಬಿಳುಪಿನ ಸಮತೋಲವನ್ನು ಅದರ ಪಾಡಿಗೆ ಬಿಟ್ಟಿದ್ದೆವು. ಕ್ಯಾಮೆರಾ ದೃಶ್ಯದ ಸರಾಸರಿಯನ್ನು ನೋಡಿ ಬೆಳಕಿನ ಬಣ್ಣವನ್ನು ಊಹಿಸುತ್ತದೆ. ಮಾಸಿದ ಕಾಗದವಾಗಲಿ ಓಲೆಯಾಗಲಿ ಚೌಕಟ್ಟನ್ನೆಲ್ಲ ತುಂಬಿದಾಗ, ಆ ಹಳದಿಯನ್ನು ವಸ್ತುವಿನದೆಂದು ತಿಳಿಯದೆ ಬೆಳಕಿನದೆಂದು ಭ್ರಮಿಸಿ ಕಳೆದುಬಿಡುತ್ತದೆ. ಹಸುರಿನಿಂದ ಹಳದಿಯನ್ನು ಕಳೆದರೆ ಉಳಿಯುವುದು ನೀಲಿಯ ಕಡೆಗೆ ವಾಲಿದ ಬಣ್ಣ. ತೆರೆಯ ಮೇಲೆ ಅದು ಚೊಕ್ಕಟವಾಗಿ ಕಂಡಿತೆಂದು ಸಂತೋಷಪಟ್ಟವರೂ ನಾವೇ.

ನಿಜವಾದ ನೀಲವರ್ಣಕ್ಕೆ ಬೇರೊಂದು ಅಪಾಯವಿದೆ. ಅಚ್ಚಿನಲ್ಲಿ ಕಡುನೀಲಿಯು ಸಯಾನ್ ಮಜೆಂಟಾಗಳ ಕೂಟದಿಂದ ಬರಬೇಕು. ಮಜೆಂಟಾದ ಪ್ರಮಾಣ ಸಯಾನಿಗೆ ಸಮೀಪಿಸಿದರೆ ನೀಲಿ ನೇರಿಳೆಯಾಗುತ್ತದೆ. ಆದುದರಿಂದಲೇ ಎರಡರ ನಡುವೆ ಶೇಕಡಾ 30ರಷ್ಟಾದರೂ ಅಂತರವಿರಲಿ ಎಂಬುದು ಮುದ್ರಕರ ರೂಢಿಯ ಮಾತು. ಕಪೋತದ ಬೂದುಬಣ್ಣವೂ ಹೀಗೆಯೇ. ಸಯಾನ್, ಮಜೆಂಟಾ, ಹಳದಿ ಮೂರನ್ನೂ ಶೇಕಡಾ 50ರಂತೆ ಸಮನಾಗಿ ಇಟ್ಟರೆ ಬೂದು ಬರುವುದಿಲ್ಲ, ಕೆಂಗಂದು ಬರುತ್ತದೆ. ಸುಮಾರು 50, 40, 40ರ ಪ್ರಮಾಣದಲ್ಲಿಟ್ಟರೆ ಬೂದು. ಯಂತ್ರದಲ್ಲಿ ಒಂದು ಶಾಯಿ ಸ್ವಲ್ಪ ಏರಿದರೂ ಈ ಸಮತೋಲ ಕೆಡುತ್ತದೆ. ಕಪೋತಲೇಶ್ಯೆ ಶುಭದ ಪಂಕ್ತಿಗೆ ಜಾರೀತೆಂದು ಮೇಲೆ ಹೇಳಿದುದು ಈ ಕಾರಣದಿಂದ. ಇನ್ನು ಶುಕ್ಲವರ್ಣಕ್ಕೆ ಶಾಯಿಯೇ ಇಲ್ಲ. ಕಾಗದದ ಬಿಳುಪೇ ಅದು. ಹೊಳಪುಕಾರಕ ಬೆರೆಸಿದ ಕಾಗದದ ಬಿಳುಪಿನಲ್ಲಿ ನೀಲಿಯ ಸೋಂಕಿರುತ್ತದೆ. ಚಿನ್ನದ ರೇಕಿನ ಹೊಳಪನ್ನಂತೂ ತೆರೆಯೂ ತೋರದು, ನಾಲ್ಕು ಶಾಯಿಗಳೂ ತೋರವು. ಅಲ್ಲಿ ಟಿಪ್ಪಣಿಯೊಂದೇ ಗತಿ.

5

ಚಿತ್ರಗಳಿಲ್ಲದ, ಬರೆಹ ಮಾತ್ರವಿರುವ ಗರಿಗಳ ಛಾಯಾಪ್ರತಿಗೂ ಈ ವಿಚಾರ ಅನ್ವಯಿಸುತ್ತದೆ. ಕಂದುಬಣ್ಣದ ಓಲೆಯ ಮೇಲಿನ ಕಪ್ಪು ಅಕ್ಷರವನ್ನು ಯಥೇಚ್ಛವಾಗಿ ಪರಿವರ್ತಿಸಿದರೆ ಆ ಕಪ್ಪು ನಾಲ್ಕು ಶಾಯಿಗಳಿಗೂ ಹಂಚಿಹೋಗುತ್ತದೆ. ನಾಲ್ಕು ಫಲಕಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಬಣ್ಣದ ನೆರಳು ಹತ್ತುತ್ತದೆ. ಮಹಾಪ್ರಾಣವನ್ನು ಸೂಚಿಸುವ ಸಣ್ಣ ಸೀಳು ಮುಚ್ಚಿಹೋಗುತ್ತದೆ. ಶಾಯಿಗಳ ಒಟ್ಟು ಪ್ರಮಾಣ ಮಿತಿಮೀರಿದರೆ ಹಾಳೆ ಒಣಗದೆ ಎದುರುಪುಟಕ್ಕೆ ಕಲೆ ಹತ್ತುವುದೂ ಉಂಟು. ನುಣುಪು ಕಾಗದಕ್ಕೆ ಶೇಕಡಾ 300ರಿಂದ 330, ವೃತ್ತಪತ್ರಿಕೆಯ ಕಾಗದಕ್ಕೆ 240ರ ಆಸುಪಾಸು ಮಿತಿಯೆಂದು ಇಟ್ಟುಕೊಳ್ಳುವುದು ಇದಕ್ಕಾಗಿಯೇ. ಬೂದು ಅಂಶವನ್ನೆಲ್ಲ ಕಪ್ಪು ಶಾಯಿಗೇ ವಹಿಸುವಂತೆ ಪರಿವರ್ತನೆಯಲ್ಲಿ ಸೂಚಿಸಿದರೆ ಅಕ್ಷರ ಸ್ವಚ್ಛವಾಗಿ ನಿಲ್ಲುತ್ತದೆ. ದ ಧಗಳ ವಿವಾದವನ್ನು ಛಾಯಾಪ್ರತಿಯಿಂದ ಪರಿಹರಿಸಲು ಹೊರಡುವವನು, ತಾನು ನೋಡುತ್ತಿರುವ ಸೀಳು ಲಿಪಿಕಾರನದೋ ಫಲಕದ್ದೋ ಎಂದು ಮೊದಲು ಕೇಳಿಕೊಳ್ಳಬೇಕು.

6

ಈಗ ರೂಢಿಯಲ್ಲಿರುವ ಎರಡು ಪದ್ಧತಿಗಳನ್ನು ವಿಮರ್ಶಿಸುವುದು ಅವಶ್ಯಕ. ಮೊದಲನೆಯದು, ಚಿತ್ರವನ್ನು ತೆರೆಯ ಮೇಲೆ ನೋಡುತ್ತ ಬಣ್ಣಗಳನ್ನು ಉಜ್ಜ್ವಲಗೊಳಿಸುವುದು. ಮಾಸಿದ ಕೆಂಪಿಗೆ ಜೀವ ತುಂಬಿದೆವೆಂದು ಹೇಳಿಕೊಳ್ಳುವವರುಂಟು. ಅರ್ಥವಾಗದ ಪಾಠವನ್ನು ತನಗೆ ತಿಳಿದಂತೆ ತಿದ್ದಿ, ತಿದ್ದಿದುದನ್ನು ಹೇಳದೆ ಬಿಟ್ಟ ಲಿಪಿಕಾರನಿಗೂ ಇವರಿಗೂ ಭೇದವಿಲ್ಲ. ಎರಡನೆಯದು, ಎಲ್ಲವನ್ನೂ ಯಂತ್ರಕ್ಕೆ ಬಿಡುವುದು. ಯಂತ್ರವು ನಿಷ್ಪಕ್ಷಪಾತಿ ಎಂಬ ನಂಬಿಕೆ ಇದರ ಮೂಲ. ಆದರೆ ಪರಿವರ್ತನೆಯಲ್ಲಿ ಆಯ್ಕೆ ಅನಿವಾರ್ಯ. ಶಾಯಿಗೆ ನಿಲುಕದ ಬಣ್ಣಗಳನ್ನು ಏನು ಮಾಡಬೇಕೆಂಬುದಕ್ಕೆ ನಾಲ್ಕು ವಿಧಾನಗಳಿವೆ. ಅವುಗಳಲ್ಲಿ ಎರಡು ನಮಗೆ ಪ್ರಸಕ್ತ: ಪರ್ಸೆಪ್ಚುಯಲ್ ವಿಧಾನವು ಎಲ್ಲ ಬಣ್ಣಗಳನ್ನೂ ಒಟ್ಟಾಗಿ ಕುಗ್ಗಿಸಿ ಪರಸ್ಪರ ಸಂಬಂಧವನ್ನು ಉಳಿಸುತ್ತದೆ, ರಿಲೇಟಿವ್ ಕಲರಿಮೆಟ್ರಿಕ್ ವಿಧಾನವು ನಿಲುಕುವ ಬಣ್ಣಗಳನ್ನು, ಬಿಳುಪನ್ನು ಕಾಗದದ ಬಿಳುಪಿಗೆ ಹೊಂದಿಸಿಕೊಂಡು, ಇದ್ದಂತೆ ಇಟ್ಟು, ನಿಲುಕದವನ್ನು ಅಂಚಿಗೆ ತಂದು ನಿಲ್ಲಿಸುತ್ತದೆ. ಮಂದವರ್ಣದ ಓಲೆಚಿತ್ರಗಳಿಗೆ ಎರಡನೆಯದು ಸಾಮಾನ್ಯವಾಗಿ ಯುಕ್ತ. ನೀಲದ ಹಲವು ಛಾಯೆಗಳು ಅಂಚಿನಲ್ಲಿ ಒಂದಾಗಿ ಬಿಡುವ ಚಿತ್ರಕ್ಕೆ ಮೊದಲನೆಯದು ಲೇಸು. ಯಾರೂ ಆಯ್ಕೆ ಮಾಡದಿದ್ದರೆ ತಂತ್ರಾಂಶದ ರೂಢಿಯ ಆಯ್ಕೆ ಜಾರಿಗೆ ಬರುತ್ತದೆ, ಅಷ್ಟೆ.

ಇದಕ್ಕೆ ಒಂದು ಪೂರ್ವಪಕ್ಷವಿದೆ. ಮೂಲದ ಬಣ್ಣವೇ ಶತಮಾನಗಳಲ್ಲಿ ಮಾಸಿರುವಾಗ, ಬೆಳಕು ಬದಲಾದೊಡನೆ ಕಾಣುವ ಬಣ್ಣವೂ ಬದಲಾಗುವಾಗ, ಅಚ್ಚಿನಲ್ಲಿ ‘ಯಥಾರ್ಥ’ವೆಂಬುದಕ್ಕೆ ಅರ್ಥವೇನು? ಆಕ್ಷೇಪ ಸಾಧುವಾದುದೇ. ಆದರೆ ಸ್ಯಾದ್ವಾದವನ್ನು ಬಲ್ಲವರು ಇದಕ್ಕೆ ಅಂಜಬೇಕಾಗಿಲ್ಲ. ವಸ್ತುವಿನ ಬಣ್ಣವನ್ನು ಕುರಿತ ಪ್ರತಿಯೊಂದು ವಚನವೂ ಯಾವುದೋ ಒಂದು ಅಪೇಕ್ಷೆಯಿಂದ ಆಡಿದುದು: ಇಂತಹ ಬೆಳಕಿನಲ್ಲಿ, ಇಂತಹ ಕಾಗದದ ಮೇಲೆ, ಇಂತಹ ದಿನ. ಅಪೇಕ್ಷೆಯನ್ನು ಹೇಳಿದ ವಚನ ಪ್ರಮಾಣಕ್ಕೆ ಯೋಗ್ಯ. ಹೇಳದೆ ‘ಇದೇ ಬಣ್ಣ’ ಎಂದುದು ಏಕಾಂತ. ಗರಿಯು ಇಂದು ಹೇಗಿದೆಯೋ ಹಾಗೆ ತೋರಿಸುವುದು ಸಂಪಾದಕನ ಕರ್ತವ್ಯ. ಹಿಂದೆ ಹೇಗಿದ್ದಿರಬಹುದೆಂಬ ಊಹೆಗೆ ಟಿಪ್ಪಣಿಯಲ್ಲಿ ಸ್ಥಳವುಂಟು, ಚಿತ್ರದಲ್ಲಿಲ್ಲ. ಕಪ್ಪುಬಿಳುಪಿನ ಹಳೆಯ ಚಿತ್ರಗಳು ಈ ದೃಷ್ಟಿಯಿಂದ ಪ್ರಾಮಾಣಿಕವಾಗಿದ್ದುವು. ಬಣ್ಣದ ಬಗೆಗೆ ಅವು ಏನನ್ನೂ ಹೇಳುತ್ತಿರಲಿಲ್ಲ. ವರ್ಣಚಿತ್ರ ಹೇಳುತ್ತದೆ, ಆದುದರಿಂದ ಅದು ಸಾಕ್ಷ್ಯವನ್ನೂ ಕೊಡಬೇಕು.

ಸಣ್ಣ ಸಂಸ್ಥೆಗಳಿಗೆ ಇದರ ವೆಚ್ಚ ಭಾರವಾಗದೆ ಎಂಬ ಪ್ರಶ್ನೆಯೂ ನ್ಯಾಯವಾದುದು. ಹತ್ತು ಚಿತ್ರಗಳನ್ನು ಅಜಾಗರೂಕತೆಯಿಂದ ಅಚ್ಚುಹಾಕುವ ಬದಲು ನಾಲ್ಕನ್ನು ಶೋಧಿಸಿ ಹಾಕುವುದು ಮೇಲು. ನಾಲ್ವತ್ತು ಪಾಠಗಳನ್ನು ತಪ್ಪಾಗಿ ಪ್ರಕಟಿಸುವುದಕ್ಕಿಂತ ಒಂದನ್ನು ಶುದ್ಧವಾಗಿ ಪ್ರಕಟಿಸುವ ಧರ್ಮ ನಮ್ಮದೇ ಅಲ್ಲವೆ?

7

ಆದುದರಿಂದ ಕೆಲವು ಸೂಚನೆಗಳನ್ನು ವಿದ್ವಾಂಸರ ಮುಂದಿಡುತ್ತೇವೆ. ಗರಿಯನ್ನು ಛಾಯಾಗ್ರಹಣ ಮಾಡುವಾಗ ಅದರ ಪಕ್ಕದಲ್ಲಿ 24 ಚೌಕಗಳ ವರ್ಣಪಟ್ಟಿಯನ್ನಿಡಬೇಕು. 1976ರಿಂದ ಬಳಕೆಯಲ್ಲಿರುವ ಈ ಪಟ್ಟಿಯ ಬಣ್ಣಗಳ ಅಳತೆ ಗೊತ್ತಿರುವುದರಿಂದ ಬಿಳುಪಿನ ಸಮತೋಲವನ್ನು ಊಹೆಗೆ ಬಿಡಬೇಕಾಗಿಲ್ಲ. ಅಂದಚೆಂದಕ್ಕಾಗಿ ಪಟ್ಟಿಯನ್ನು ಕತ್ತರಿಸಿ ತೆಗೆಯುವ ಅಭ್ಯಾಸವನ್ನು ಬಿಟ್ಟು, ಸಂಪುಟದ ಒಂದು ಚಿತ್ರದಲ್ಲಾದರೂ ಅದನ್ನು ಉಳಿಸಬೇಕು. ಚಿತ್ರ ಹಾದ ಪರಿವರ್ತನೆಗಳನ್ನೆಲ್ಲ ಪಟ್ಟಿಯೂ ಹಾದಿರುವುದರಿಂದ ಅದೇ ನಮ್ಮ ಪಾಠಾಂತರಸೂಚಿ. ತನ್ನ ಬಳಿ ಅಂತಹ ಪಟ್ಟಿಯಿರುವ ವಾಚಕನು ಎಷ್ಟು ವ್ಯತ್ಯಾಸವಾಗಿದೆಯೆಂಬುದನ್ನು ತಾನೇ ಅಳೆಯಬಲ್ಲನು.

ಗಣಕದ ತೆರೆಯನ್ನು ಅಳತೆಯ ಉಪಕರಣದಿಂದ ಹೊಂದಿಸಿಕೊಳ್ಳಬೇಕು. ತೆರೆಯ ಬಿಳುಪು ಸಾಮಾನ್ಯವಾಗಿ 6500 ಕೆಲ್ವಿನ್, ಅಚ್ಚನ್ನು ಪರೀಕ್ಷಿಸುವ ಬೆಳಕು 5000 ಕೆಲ್ವಿನ್ ಎಂಬ ಭೇದವನ್ನು ನೆನಪಿನಲ್ಲಿಡಬೇಕು. ಮುದ್ರಣಾಲಯವು ಯಾವ ಕಾಗದಕ್ಕೆ, ಯಾವ ಪ್ರಮಾಣಕ್ಕೆ ಅನುಗುಣವಾಗಿ ಅಚ್ಚುಹಾಕುತ್ತದೆ ಎಂದು ಮೊದಲೇ ಕೇಳಿ, ಅದರ ಪ್ರೊಫೈಲಿಗೆ ಪರಿವರ್ತಿಸಿ, ಮೂಲ ಚಿತ್ರವನ್ನು ಪರಿವರ್ತಿಸದೆ ಪ್ರತ್ಯೇಕವಾಗಿ ಕಾದಿಡಬೇಕು. ಶಾಯಿಗೆ ಪರಿವರ್ತಿತವಾದ ಪ್ರತಿಯಿಂದ ತೆರೆಯ ಬಣ್ಣವನ್ನು ಮರಳಿ ಪಡೆಯಲಾಗದು. ಅಳತೆಗೆ ಒಳಪಟ್ಟ ಕರಡನ್ನು ತರಿಸಿ, ಗರಿಯಿರುವ ಸ್ಥಳದಲ್ಲಿಯೇ, ಗರಿಯನ್ನು ಕಂಡವರೇ ಹೋಲಿಸಿ ಸಹಿಹಾಕಬೇಕು. ಕಡೆಯದಾಗಿ, ಪ್ರತಿ ಸಂಪುಟದಲ್ಲಿಯೂ ಬೆಳಕು, ವರ್ಣಪಟ್ಟಿ, ಪ್ರೊಫೈಲ್, ಪರಿವರ್ತನೆಯ ವಿಧಾನ, ಕಾಗದ, ಹೋಲಿಸಿದ ದಿನ ಇವುಗಳನ್ನು ತಿಳಿಸುವ ‘ವರ್ಣಸೂಚನೆ’ಯೊಂದು ಇರಬೇಕು. ಗ್ರಂಥಸೂಚಿಗಳಲ್ಲಿ ಗರಿಗಳ ಸಂಖ್ಯೆ, ಪಂಕ್ತಿ, ಲಿಪಿ, ಸ್ಥಿತಿಗಳನ್ನು ನಮ್ಮ ಹಿರಿಯರು ಬರೆಯುತ್ತಿದ್ದಂತೆಯೇ ಇದೂ. ನಾಲ್ಕು ಸಾಲು ಸಾಕು.

2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಪ್ರಾರಂಭವಾದಂದಿನಿಂದ ಗರಿಗಳ ಗಣಕೀಕರಣ ದೇಶದಾದ್ಯಂತ ನಡೆದಿದೆ. ಮುಂದಿನ ಪೀಳಿಗೆಯ ಅಭ್ಯಾಸಿಗಳು ಓಲೆಯನ್ನಲ್ಲ, ತೆರೆಯನ್ನೂ ಅದರಿಂದ ಹುಟ್ಟಿದ ಅಚ್ಚನ್ನೂ ಓದುವರು. ಆ ಪರಂಪರೆಯ ಮೊದಲ ಲಿಪಿಕಾರರು ನಾವು. ನಮ್ಮ ಪುಸ್ತಿಕೆಯ ಆ ಹಾಳೆಯನ್ನು ವರ್ಣಪಟ್ಟಿಯೊಡನೆ ಮತ್ತೆ ಛಾಯಾಗ್ರಹಣ ಮಾಡಿಸಿ ಕರಡು ತೆಗೆಸಿದೆವು. ಈಗ ಅದು ಹಸುರಾಗಿದೆ, ಆದರೆ ಗರಿಯ ಹಸುರಿಗಿಂತ ತುಸು ಮಂಕು. ಆ ಮಾತನ್ನೂ ಚಿತ್ರದ ಕೆಳಗೆ ಬರೆದಿದ್ದೇವೆ. ಸುಪಾರ್ಶ್ವರೋ ಪಾರ್ಶ್ವರೋ ಎಂಬುದು ಇನ್ನೂ ನಿರ್ಣಯವಾಗಿಲ್ಲ. ಹೆಡೆಗಳ ಭಾಗ ಉದುರಿಹೋಗಿರುವುದರಿಂದ ಬಣ್ಣ ಅದಕ್ಕಿಂತ ಹೆಚ್ಚು ಹೇಳಲಾರದು. ವಿದ್ವಾಂಸರು ಈ ಸೂಚನೆಗಳನ್ನು ಪರಿಶೀಲಿಸಿ, ದೋಷಗಳಿದ್ದರೆ ತಿಳಿಸಿ, ಯುಕ್ತವೆನಿಸಿದುದನ್ನು ಆಚರಣೆಗೆ ತರಬೇಕೆಂದು ಪ್ರಾರ್ಥನೆ.